ಕೊರೊನಾ ಕಾಲದಲ್ಲಿ ಯಾವ ದೇಶ ಗೆದ್ದಿತು, ಯಾವುದು ಸೋತಿತು? ಪದೇ ಪದೇ ಕೇಳುವ ಪ್ರಶ್ನೆಗಳು

ಅರಳಿಕಟ್ಟೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಈಗಲೂ ನಿಲ್ಲದ ವಾದಗಳಿವು. ಪ್ರಶ್ನೆಗಳನ್ನು ಜನ ಕೇಳುವ ಮಾತಿನಲ್ಲೇ ಇಟ್ಟಿದ್ದೇವೆ.

ಸುತ್ತಿ ಬಳಸಿ ಬೇಡ, ಒಟ್ಟಾರೆ ಯಾವ ದೇಶ ಚೆನ್ನಾಗಿ ನಿಭಾಯಿಸಿತು?

ಲಸಿಕೆ ಬರುವ ತನಕ ಬಹುಪಾಲು ಜನರಿಗೆ ಸೋಂಕು ತಗುಲದಂತೆ ತಡೆದು, ಲಸಿಕೆ ಬಂದ ಕೂಡಲೇ ಮೊದಲು ವಯಸ್ಸಾದವರಿಗೆ ಹಾಕಿ, ಆಮೇಲೆ ಬಾಗಿಲು ತೆರೆದ ದೇಶಗಳು. ನ್ಯೂಜಿಲೆಂಡ್, ನಾರ್ವೆ, ದಕ್ಷಿಣ ಕೊರಿಯಾ, ಜಪಾನ್, ನಮ್ಮ ಪಕ್ಕದ ಭೂತಾನ್ ಈ ಸಾಲಿನಲ್ಲಿವೆ. ಇದರಲ್ಲಿ ಮೂರು ಕೆಲಸ ಸೇರಿವೆ: ಕಾಲ ಗಳಿಸುವುದು, ಗಳಿಸಿದ ಕಾಲವನ್ನು ಬಳಸುವುದು, ಸರಿಯಾದ ಹೊತ್ತಿಗೆ ತೆರೆಯುವುದು. ಮೊದಲನೆಯದನ್ನು ಸೊಗಸಾಗಿ ಮಾಡಿ ಎರಡನೆಯದರಲ್ಲಿ ಎಡವಿದ್ದಕ್ಕೆ ಹಾಂಗ್‌ಕಾಂಗ್ ಉದಾಹರಣೆ. ಎರಡು ವರ್ಷ ಕೊರೊನಾವನ್ನು ಹೊರಗಿಟ್ಟರು. 2022ರ ಆರಂಭದಲ್ಲಿ ಒಮಿಕ್ರಾನ್ ಒಳಗೆ ಬಂದಾಗ 80 ದಾಟಿದವರಲ್ಲಿ ಹೆಚ್ಚಿನವರಿಗೆ ಲಸಿಕೆ ಆಗಿರಲಿಲ್ಲ. ಕೆಲವೇ ವಾರಗಳಲ್ಲಿ ಸಾವಿರಾರು ವೃದ್ಧರು ತೀರಿಕೊಂಡರು.

ಆದ್ದರಿಂದ ಯಾರಾದರೂ ಒಂದು ದೇಶವನ್ನು ಹೊಗಳಿದರೆ ಅಥವಾ ತೆಗಳಿದರೆ ಮೊದಲು ಕೇಳಬೇಕಾದ್ದು, ಯಾವ ತಾರೀಖಿನ ಮಾತು ಎಂದು. 2021ರ ವಸಂತದವರೆಗೆ ವಿಯೆಟ್ನಾಂನಲ್ಲಿ ಸತ್ತವರು ಬರೀ 35 ಮಂದಿ. ಅದೇ ವರ್ಷದ ಡೆಲ್ಟಾ ಅಲೆಯಲ್ಲಿ ಹೋ ಚಿ ಮಿನ್ ನಗರ ನಲುಗಿಹೋಯಿತು.

ಭಾರತದಲ್ಲಿ ಸಾವಿನ ಪ್ರಮಾಣ ಶೇ. 1.2 ಮಾತ್ರ, ಇಟಲಿಯಲ್ಲಿ ಶೇ. 14 ಇತ್ತು. ಹಾಗಾದರೆ ನಾವೇ ಮೇಲಲ್ಲವೇ?

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡುವ ಹಾಗೇ ಇಲ್ಲ. ಸತ್ತವರ ಸಂಖ್ಯೆಯನ್ನು ಪಾಸಿಟಿವ್ ಬಂದವರ ಸಂಖ್ಯೆಯಿಂದ ಭಾಗಿಸಿದರೆ ಬರುವ ಶೇಕಡಾವಾರು ಇದು. 2020ರ ಮಧ್ಯದಲ್ಲಿ ಇಟಲಿಯ ಲೆಕ್ಕ ಶೇ. 14ಕ್ಕೆ ಏರಿದ್ದು, ಮೊದಲ ಅಲೆಯಲ್ಲಿ ಅಲ್ಲಿ ಆಸ್ಪತ್ರೆ ಸೇರುವಷ್ಟು ಕಾಯಿಲೆಯಾದವರಿಗೇ ಮುಖ್ಯವಾಗಿ ಟೆಸ್ಟ್ ಮಾಡುತ್ತಿದ್ದುದರಿಂದ. ನಮ್ಮ ಶೇ. 1.2 ಮೂರು ಅಲೆಗಳೂ ಮುಗಿದ ಮೇಲಿನ ಒಟ್ಟು ಲೆಕ್ಕ. ಭಾಗಾಕಾರದಲ್ಲಿ ಕೆಳಗೆ ಬರುವ ಪಾಸಿಟಿವ್ ಸಂಖ್ಯೆ ಟೆಸ್ಟ್ ಎಷ್ಟು ಮಾಡಿದರು ಎಂಬುದನ್ನು ಅವಲಂಬಿಸುತ್ತದೆ, ಮೇಲೆ ಬರುವ ಸಾವಿನ ಸಂಖ್ಯೆ ಸಾವನ್ನು ಎಷ್ಟು ನಿಷ್ಠೆಯಿಂದ ಬರೆದುಕೊಂಡರು ಎಂಬುದನ್ನು. ಎರಡೂ ದೇಶದಿಂದ ದೇಶಕ್ಕೆ ಬೇರೆ.

ಕೊರೊನಾದಿಂದ ಸತ್ತರು ಎಂದು ಎಲ್ಲ ದೇಶಗಳೂ ಒಂದೇ ರೀತಿ ಬರೆದುಕೊಂಡವೇ?

ಇಲ್ಲ. ಬೆಲ್ಜಿಯಂನವರು ಟೆಸ್ಟ್ ಆಗದಿದ್ದರೂ ವೃದ್ಧಾಶ್ರಮದಲ್ಲಿ ಲಕ್ಷಣ ಕಂಡು ಸತ್ತವರನ್ನು ಸೇರಿಸಿದರು. ಹಾಗಾಗಿ 2020ರಲ್ಲಿ ಜಗತ್ತಿನಲ್ಲೇ ಅತಿ ಕೆಟ್ಟ ದೇಶ ಎಂಬ ಹೆಸರು ಹೊತ್ತರು. ಬ್ರಿಟನ್ 2020ರ ಆಗಸ್ಟ್‌ನಲ್ಲಿ ಪಾಸಿಟಿವ್ ಬಂದ 28 ದಿನದೊಳಗಿನ ಸಾವು ಮಾತ್ರ ಎಂಬ ನಿಯಮ ತಂದಿತು. ಒಂದೇ ದಿನದಲ್ಲಿ 5 ಸಾವಿರಕ್ಕೂ ಹೆಚ್ಚು ಸಾವು ಪಟ್ಟಿಯಿಂದ ಇಳಿದವು. ಪೆರು ಉಲ್ಟಾ ಮಾಡಿತು. 2021ರ ಮೇ 31ರಂದು ತನ್ನ ಲೆಕ್ಕ ತಾನೇ ಪರಿಶೀಲಿಸಿ, ಸುಮಾರು 69 ಸಾವಿರ ಇದ್ದುದನ್ನು 1 ಲಕ್ಷ 80 ಸಾವಿರಕ್ಕೆ ಏರಿಸಿತು. ಅಂದಿನಿಂದ ಜನಸಂಖ್ಯೆಗೆ ಹೋಲಿಸಿದರೆ ಅತಿ ಹೆಚ್ಚು ಸಾವಿನ ದೇಶ ಪೆರು. ಪ್ರಾಮಾಣಿಕವಾಗಿ ಎಣಿಸಿದವರಿಗೆ ಪಟ್ಟಿಯಲ್ಲಿ ಕೆಟ್ಟ ಸ್ಥಾನ ಸಿಗುವುದು ಈ ವ್ಯವಹಾರದ ದೊಡ್ಡ ವ್ಯಂಗ್ಯ.

ನಮ್ಮಲ್ಲಿ ಎಡವಟ್ಟು ಬೇರೆ ಕಡೆ ಇತ್ತು. ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಬರೆದು ಪ್ರಮಾಣೀಕರಿಸಿದ್ದು ಶೇ. 22.5 ಮಾತ್ರ. ಮನೆಯಲ್ಲಿ ಪ್ರಾಣ ಹೋದರೆ ವಯಸ್ಸಾಗಿತ್ತು, ಹೃದಯಾಘಾತ ಎಂದು ಮುಗಿಯುತ್ತಿತ್ತು. ಬೆಂಗಳೂರಿನಲ್ಲಿ ಎರಡನೇ ಅಲೆಯ ಹೊತ್ತಿಗೆ ಇನ್ನೊಂದು ಸುತ್ತು. ಸ್ವಾಬ್ ಕೊಟ್ಟಾಗ ಎಸ್‌ಆರ್‌ಎಫ್ ಐಡಿ (ಮಾದರಿಯ ಗುರುತು ಸಂಖ್ಯೆ) ಬರುತ್ತಿತ್ತು, ಪಾಸಿಟಿವ್ ವರದಿ ಬಂದ ಮೇಲೆಯೇ ಬಿಯು ನಂಬರ್ (ರೋಗಿಯ ಗುರುತು ಸಂಖ್ಯೆ). ಪಾಲಿಕೆ ಕೋಟಾದ ಬೆಡ್ ಬೇಕಾದರೆ ಎಲ್ಲರೂ ಕೇಳುತ್ತಿದ್ದುದು ಬಿಯು ನಂಬರನ್ನೇ. ವರದಿ ಎರಡು ಮೂರು ದಿನ ತಡವಾದರೆ ರಕ್ತದಲ್ಲಿನ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಅಪಾಯದ ಮಟ್ಟವಾದ 80 ತೋರಿಸುತ್ತಿದ್ದರೂ ಕಾಯಬೇಕು. ವರದಿ ಬರುವ ಮೊದಲೇ ಜೀವ ಹೋದವರಿಗೆ ಬೆಡ್ಡೂ ಸಿಗಲಿಲ್ಲ, ಕೊರೊನಾ ಪಟ್ಟಿಯಲ್ಲಿ ಜಾಗವೂ ಸಿಗುವುದು ಕಷ್ಟವಾಯಿತು.

ಹಾಗಾದರೆ ಯಾವ ಲೆಕ್ಕ ನಂಬಬೇಕು?

ಹೆಚ್ಚುವರಿ ಸಾವಿನ ಲೆಕ್ಕ. ಹಿಂದಿನ ಸಾಮಾನ್ಯ ವರ್ಷಗಳಲ್ಲಿ ಇಷ್ಟು ಜನ ಸಾಯುತ್ತಿದ್ದರು, ಈ ವರ್ಷ ಇಷ್ಟು ಜನ ಸತ್ತರು, ವ್ಯತ್ಯಾಸ ಎಷ್ಟು? ಯಾರು ಯಾವ ಕಾಯಿಲೆ ಎಂದು ಬರೆದರು ಎಂಬ ಜಗಳವೇ ಇಲ್ಲ. ಕೊರೊನಾದಿಂದ ನೇರ ಸತ್ತವರು, ಡಯಾಲಿಸಿಸ್ ಸಿಗದೆ ಸತ್ತವರು, ರಸ್ತೆ ಖಾಲಿಯಿದ್ದ ಕಾರಣ ಅಪಘಾತದಿಂದ ಉಳಿದುಕೊಂಡವರು ಎಲ್ಲ ಅದರೊಳಗೆ ಕೂಡಿ ಕಳೆದು ಬರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಕೊಟ್ಟ ಅಂದಾಜಿನಂತೆ 2020 ಮತ್ತು 2021ರಲ್ಲಿ ಜಗತ್ತಿನಾದ್ಯಂತ ಹೆಚ್ಚುವರಿ ಸಾವು 1 ಕೋಟಿ 49 ಲಕ್ಷ. ದೇಶಗಳು ಒಪ್ಪಿಕೊಂಡಿದ್ದು 54 ಲಕ್ಷ.

ಭಾರತದಲ್ಲಿ 47 ಲಕ್ಷ ಜನ ಸತ್ತರು ಎಂದು ಆ ಸಂಸ್ಥೆ ಹೇಳಿದ್ದು ಸುಳ್ಳು ಎನ್ನುತ್ತಾರಲ್ಲ?

ಭಾರತ ಸರ್ಕಾರ ಆ ಅಂದಾಜನ್ನು ಒಪ್ಪಲಿಲ್ಲ. ನೋಂದಣಿಯ ನಿಜವಾದ ಅಂಕಿ ಇರುವಾಗ ಗಣಿತದ ಮಾದರಿ ಯಾಕೆ ಎಂಬುದು ಅದರ ವಾದ. ಹಾಗಾದರೆ ನೋಂದಣಿಯ ಅಂಕಿಯನ್ನೇ ನೋಡೋಣ. ದೇಶದಲ್ಲಿ 2019ರಲ್ಲಿ ನೋಂದಣಿಯಾದ ಸಾವು ಸುಮಾರು 76 ಲಕ್ಷ, 2020ರಲ್ಲಿ 81 ಲಕ್ಷ, 2021ರಲ್ಲಿ 102 ಲಕ್ಷ. ಕೊನೆಯ ಅಂಕಿ ಪ್ರಕಟವಾಗಿದ್ದು 2025ರಲ್ಲಿ. ಅಂದರೆ 2021ರ ಒಂದೇ ವರ್ಷ ಹಿಂದಿನ ವರ್ಷಕ್ಕಿಂತ 21 ಲಕ್ಷ ಹೆಚ್ಚು. ನೋಂದಣಿ ವ್ಯವಸ್ಥೆ ಸುಧಾರಿಸಿದ್ದರಿಂದ ಇದರಲ್ಲಿ ಒಂದಿಷ್ಟು ಏರಿಕೆ ಸಹಜ. ಒಂದೇ ವರ್ಷದಲ್ಲಿ 21 ಲಕ್ಷ ಏರುವುದು ಸಹಜವಲ್ಲ. ಆ ವರ್ಷದ ಅಧಿಕೃತ ಕೊರೊನಾ ಸಾವು ಮೂರೂವರೆ ಲಕ್ಷದ ಒಳಗೆ. 47 ಲಕ್ಷ ಎಂಬ ಸಂಖ್ಯೆಯ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯ ಇರಲಿ, ಅಧಿಕೃತ ಸಂಖ್ಯೆ ಹಲವು ಪಟ್ಟು ಕಡಿಮೆ ಎಂಬುದರಲ್ಲಿ ನಮಗೆ ಅನುಮಾನವಿಲ್ಲ.

ಪರಿಹಾರದ ಅರ್ಜಿಗಳೂ ಇದನ್ನೇ ಹೇಳುತ್ತವೆ. ಸುಪ್ರೀಂ ಕೋರ್ಟ್ ಸೂಚನೆಯಂತೆ ಪ್ರತಿ ಸಾವಿಗೆ 50 ಸಾವಿರ ರೂಪಾಯಿ ಕೊಡುವುದಾದಾಗ, ಅಧಿಕೃತ ಸಾವು 10 ಸಾವಿರದ ಆಸುಪಾಸು ಇದ್ದ ಗುಜರಾತಿನಲ್ಲಿ ಬಂದ ಅರ್ಜಿಗಳು ಸುಮಾರು 90 ಸಾವಿರ. ಟೆಸ್ಟ್ ಆದ 30 ದಿನದೊಳಗಿನ ಸಾವನ್ನೆಲ್ಲ ಸೇರಿಸುವ ನಿಯಮದಿಂದ ಒಂದಷ್ಟು ಹೆಚ್ಚಿರಬಹುದು. ಒಂಬತ್ತು ಪಟ್ಟು ಅಂತರ ನಿಯಮವೊಂದರಿಂದಲೇ ಬರುವುದಿಲ್ಲ.

ಕೇರಳದ ಮಾದರಿ ಎಂದು ಕುಣಿದರು, ಕೊನೆಗೆ ಅಲ್ಲೇ ಸಾವು ಹೆಚ್ಚು. ಇದಕ್ಕೇನು ಹೇಳುತ್ತೀರಿ?

ಅಧಿಕೃತ ಲೆಕ್ಕದಲ್ಲಿ ಕೇರಳದಲ್ಲಿ ಲಕ್ಷ ಜನಕ್ಕೆ ಸುಮಾರು 200 ಸಾವು, ಕರ್ನಾಟಕದಲ್ಲಿ ಸುಮಾರು 60, ಇಡೀ ದೇಶಕ್ಕೆ 38. ಈಗ ಇನ್ನೊಂದು ಅಂಕಿ ನೋಡಿ. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2021ರ ಜೂನ್–ಜುಲೈನಲ್ಲಿ ರಕ್ತ ಪರೀಕ್ಷಿಸಿ ಎಷ್ಟು ಜನರಲ್ಲಿ ಪ್ರತಿಕಾಯ (ಸೋಂಕು ಅಥವಾ ಲಸಿಕೆ ಆದಮೇಲೆ ರಕ್ತದಲ್ಲಿ ಉಳಿಯುವ ಗುರುತು) ಇದೆ ಎಂದು ನೋಡಿತು. ದೇಶದ ಸರಾಸರಿ ಶೇ. 67.6, ಮಧ್ಯಪ್ರದೇಶದಲ್ಲಿ ಶೇ. 79, ಕೇರಳದಲ್ಲಿ ಶೇ. 44.4. ಎರಡು ಅಲೆ ಕಳೆದರೂ ಕೇರಳದಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಪ್ರತಿಕಾಯ ಇರಲಿಲ್ಲ. ಅವರಿಗೆ ಸೋಂಕು ಬಂದಿದ್ದು ಆಮೇಲೆ, ಅವರಲ್ಲಿ ಹಲವರಿಗೆ ಲಸಿಕೆ ಆದಮೇಲೆ. 2021ರ ಆಗಸ್ಟ್‌ನಲ್ಲಿ ದೇಶದ ಅರ್ಧಕ್ಕೂ ಹೆಚ್ಚು ಕೇಸುಗಳು ಕೇರಳದವು ಎಂದು ಟಿವಿಯವರು ಕೂಗಿದ್ದು ನೆನಪಿದೆಯಲ್ಲ, ಅದರ ಕಾರಣ ಇದು. ಸೋಂಕು ಕಡಿಮೆ ಜನರಿಗೆ ಬಂದು ಸಾವು ಮಾತ್ರ ಐದು ಪಟ್ಟು ಹೆಚ್ಚು ಎಂದರೆ ಉಳಿದವರು ಸರಿಯಾಗಿ ಎಣಿಸಲಿಲ್ಲ ಎಂದೇ ಹೆಚ್ಚಾಗಿ ಅರ್ಥ. ಅಲ್ಲಿ ವೃದ್ಧರೂ ಸಕ್ಕರೆ ಕಾಯಿಲೆಯವರೂ ಹೆಚ್ಚು ಎಂಬುದೂ ಸೇರಿಕೊಳ್ಳುತ್ತದೆ. ಕೇರಳವೂ ಬಿಟ್ಟುಹೋಗಿದ್ದ ಸಾವಿರಾರು ಸಾವುಗಳನ್ನು 2021ರ ಕೊನೆಗೆ ಒಟ್ಟಿಗೆ ಪಟ್ಟಿಗೆ ಸೇರಿಸಿತು ಎಂಬುದನ್ನು ಮರೆಯಬಾರದು.

ನಮ್ಮವರದ್ದು ಗಟ್ಟಿ ಜೀವ, ಮಸಾಲೆ ತಿನ್ನುವವರು. ಅದಕ್ಕೇ ಯುರೋಪಿನಷ್ಟು ಸಾಯಲಿಲ್ಲವೇ?

ಗಟ್ಟಿ ಜೀವವಲ್ಲ, ಚಿಕ್ಕ ವಯಸ್ಸು. ಭಾರತದ ಅರ್ಧ ಜನ 28 ವರ್ಷದ ಒಳಗಿನವರು. ಇಟಲಿಯಲ್ಲಿ ಆ ಗಡಿ 46ರ ಮೇಲೆ, ಜಪಾನಿನಲ್ಲಿ 48ರ ಸುತ್ತ. ಲಸಿಕೆ ಇಲ್ಲದ ಕಾಲದಲ್ಲಿ ಶ್ರೀಮಂತ ದೇಶಗಳಲ್ಲಿ ಸೋಂಕು ತಗುಲಿದವರ ಪೈಕಿ ಸತ್ತವರ ಪ್ರಮಾಣ 25 ವರ್ಷದವರಲ್ಲಿ ಶೇ. 0.01, 55ರಲ್ಲಿ ಶೇ. 0.4, 65ರಲ್ಲಿ ಶೇ. 1.4, 75ರಲ್ಲಿ ಶೇ. 4.6, 85ರಲ್ಲಿ ಶೇ. 15. ಇದೇ ಏಣಿಯನ್ನು ನಮ್ಮ ಜನಸಂಖ್ಯೆಗೆ ಹಚ್ಚಿದರೆ ಯುರೋಪಿಗಿಂತ ಬಹಳ ಕಡಿಮೆ ಸಾವು ಬರಬೇಕು. ನಿಜವಾಗಿ ಬಂದದ್ದು ಅದಕ್ಕಿಂತ ಹೆಚ್ಚು. ನಮ್ಮಲ್ಲಿ 50ರ ಆಸುಪಾಸಿನವರೇ ಬಹಳ ಹೋದರು. ಸಕ್ಕರೆ ಕಾಯಿಲೆ ಮತ್ತು ಸಿಗದ ಬೆಡ್ಡು ಅದರ ಹಿಂದೆ ಇದ್ದವು. ಕಷಾಯ ಕುಡಿದರೆ ಗಂಟಲಿಗೆ ಹಿತ, ಅಷ್ಟೇ.

ಸ್ವೀಡನ್ನಿನಲ್ಲಿ ಲಾಕ್‌ಡೌನೇ ಇರಲಿಲ್ಲ, ಏನೂ ಆಗಲಿಲ್ಲವಂತೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಎರಡೂ ಕಡೆಯವರು ಅರ್ಧರ್ಧ ಸತ್ಯ ಹೇಳುವ ವಿಷಯವೂ ಇದೇ.

ಏನೂ ನಿರ್ಬಂಧ ಇರಲಿಲ್ಲ ಎಂಬುದು ತಪ್ಪು. 2020ರ ಮಾರ್ಚ್ ಕೊನೆಗೇ 50ಕ್ಕಿಂತ ಹೆಚ್ಚು ಜನ ಸೇರುವಂತಿರಲಿಲ್ಲ, ನವೆಂಬರ್‌ನಲ್ಲಿ ಅದು 8ಕ್ಕೆ ಇಳಿಯಿತು. ದೊಡ್ಡ ಮಕ್ಕಳಿಗೆ ಆನ್‌ಲೈನ್ ಪಾಠ, ವೃದ್ಧಾಶ್ರಮಕ್ಕೆ ಭೇಟಿ ನಿಷೇಧ. ತೆರೆದಿಟ್ಟಿದ್ದು 16 ವರ್ಷದೊಳಗಿನ ಮಕ್ಕಳ ಶಾಲೆ, ಅಂಗಡಿ, ಹೋಟೆಲು. ಏನೂ ಆಗಲಿಲ್ಲ ಎಂಬುದೂ ತಪ್ಪು. 2020ರ ಕೊನೆಗೆ ಸ್ವೀಡನ್ನಿನಲ್ಲಿ 9 ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು, ನಾರ್ವೆಯಲ್ಲಿ 500ರ ಒಳಗೆ. ಸ್ವೀಡನ್ನಿನ ಜನಸಂಖ್ಯೆ ನಾರ್ವೆಯ ಸುಮಾರು ಎರಡರಷ್ಟು ಮಾತ್ರ. ಸತ್ತವರಲ್ಲಿ ದೊಡ್ಡ ಪಾಲು ವೃದ್ಧಾಶ್ರಮದವರು. ಆ ಡಿಸೆಂಬರ್‌ನಲ್ಲಿ ಅಲ್ಲಿನ ರಾಜ ಕಾರ್ಲ್ ಗುಸ್ತಾಫ್ ಅವರೇ ನಾವು ವಿಫಲರಾದೆವು ಎಂದರು.

ಆದರೆ 2020ರಿಂದ 2022ರವರೆಗೆ ಒಟ್ಟಿಗೆ ನೋಡಿದರೆ ಸ್ವೀಡನ್ನಿನ ಹೆಚ್ಚುವರಿ ಸಾವು ಯುರೋಪಿನಲ್ಲೇ ಕಡಿಮೆಯವುಗಳ ಪೈಕಿ ಒಂದು. ಲಸಿಕೆಯನ್ನು ವೃದ್ಧರು ಚೆನ್ನಾಗಿ ಹಾಕಿಸಿಕೊಂಡರು. ಹುಷಾರಿಲ್ಲದಾಗ ಮೊದಲ ದಿನಕ್ಕಿದ್ದ ಸಂಬಳ ಕಡಿತದ ಹೊರೆ ಇಳಿಸಿ ಮನೆಯಲ್ಲಿರಲು ಸರ್ಕಾರ ಅನುವು ಮಾಡಿತು. ಒಬ್ಬರೇ ವಾಸಿಸುವ ಮನೆಗಳು ಅಲ್ಲಿ ಬಹಳ. ಹತ್ತು ಜನ ಒಂದೇ ಕೋಣೆಯಲ್ಲಿ ಮಲಗುವ ಊರಿಗೆ ಸ್ವೀಡನ್ನಿನ ಪಾಠ ಹಾಗೇ ಹೊಂದುವುದಿಲ್ಲ. ನಮ್ಮ ಅಭಿಪ್ರಾಯ ಕೇಳಿದರೆ ಅಲ್ಲಿಂದ ತರಬೇಕಾಗಿದ್ದು ಚಿಕ್ಕ ಮಕ್ಕಳ ಶಾಲೆಯ ನಿರ್ಧಾರ. ಕರ್ನಾಟಕ 2020ರ ಜೂನ್‌ನಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಸುಸೂತ್ರವಾಗಿ ನಡೆಸಿತು, ವಿದ್ಯಾಗಮ ಎಂದು ಮರದ ಕೆಳಗೆ, ಗುಡಿಯ ಜಗಲಿಯಲ್ಲಿ ಪಾಠ ಶುರು ಮಾಡಿತು, ಆಮೇಲೆ ಅದನ್ನೂ ನಿಲ್ಲಿಸಿತು. ಬಯಲಿನಲ್ಲಿ ಕೂರಿಸಿ ಕಲಿಸುವುದು ಗಾಳಿಯಲ್ಲಿ ಹರಡುವ ಕಾಯಿಲೆಗೆ ಒಳ್ಳೆಯ ಉಪಾಯವೇ ಆಗಿತ್ತು.

ನ್ಯೂಜಿಲೆಂಡ್ ಪುಟ್ಟ ದ್ವೀಪ, ಅವರಿಗೇನು ಕಷ್ಟ?

ಬ್ರಿಟನ್ನೂ ದ್ವೀಪವೇ. ವಿಯೆಟ್ನಾಂ ದ್ವೀಪವಲ್ಲ, ಚೀನಾದ ಜೊತೆ ಉದ್ದದ ಗಡಿ ಇದೆ, ಆದರೂ ಒಂದು ವರ್ಷಕ್ಕೂ ಹೆಚ್ಚು ತಡೆಯಿತು. ದ್ವೀಪವಾಗಿದ್ದರೆ ಅನುಕೂಲ, ಗಡಿ ಮುಚ್ಚುವ ದಿನಾಂಕ ಮಾತ್ರ ಸರ್ಕಾರದ ಕೈಯಲ್ಲೇ. ನ್ಯೂಜಿಲೆಂಡ್ 2020ರ ಮಾರ್ಚ್ 19ಕ್ಕೆ ವಿದೇಶಿಯರಿಗೆ ಬಾಗಿಲು ಹಾಕಿತು, 25ಕ್ಕೆ ಪೂರ್ತಿ ಲಾಕ್‌ಡೌನ್. 50 ಲಕ್ಷ ಜನರ ದೇಶದಲ್ಲಿ 2021ರ ಮಧ್ಯದವರೆಗೆ ಸತ್ತವರು 26.

ಬೆಲೆಯನ್ನೂ ಹೇಳಬೇಕು. ಹೊರಗಿದ್ದ ಸ್ವಂತ ನಾಗರಿಕರು ಕ್ವಾರಂಟೈನ್ ಹೋಟೆಲಿನ ಕೋಣೆಗೆ ಲಾಟರಿ ಕಾಯಬೇಕಾಯಿತು. ಅದು ನಾಗರಿಕರ ಹಕ್ಕನ್ನು ಮಿತಿಮೀರಿ ಮೊಟಕುಗೊಳಿಸಿತು ಎಂದು ಅಲ್ಲಿನ ಹೈಕೋರ್ಟ್ 2022ರಲ್ಲಿ ಹೇಳಿತು. ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಗಿ, 2021ರ ಮೇ ಮೊದಲ ಎರಡು ವಾರ ಭಾರತದಿಂದ ಬರುವ ತನ್ನದೇ ನಾಗರಿಕರಿಗೆ ಐದು ವರ್ಷದವರೆಗೆ ಜೈಲು ಎಂದಿತು. ಅಪ್ಪ ಅಮ್ಮನನ್ನು ನೋಡಲು ಮೈಸೂರಿಗೋ ಹುಬ್ಬಳ್ಳಿಗೋ ಬಂದು ಸಿಕ್ಕಿಕೊಂಡವರಿಗೆ ಆ ದೇಶ ಗೆದ್ದಿತು ಎನ್ನಿಸುವುದು ಕಷ್ಟ.

ನಮ್ಮ ಮೊದಲ ಲಾಕ್‌ಡೌನ್‌ನಿಂದ ಏನಾದರೂ ಪ್ರಯೋಜನ ಆಯಿತೇ?

ಆಯಿತು, ಆದರೆ ಹೇಳಿಕೊಂಡಷ್ಟಲ್ಲ. ಕೇಸುಗಳು ದುಪ್ಪಟ್ಟಾಗುವ ಅವಧಿ 3.4 ದಿನದಿಂದ 7.5 ದಿನಕ್ಕೆ ಏರಿತು ಎಂದು ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲಿ ಹೇಳಿತು. ವರ್ಷದ ಆರಂಭದಲ್ಲಿ ಪುಣೆಯ ಒಂದೇ ಪ್ರಯೋಗಾಲಯದಲ್ಲಿ ಆಗುತ್ತಿದ್ದ ಟೆಸ್ಟ್ ಜೂನ್ ಕೊನೆಗೆ ಸಾವಿರ ಕಡೆ ಆಗುತ್ತಿತ್ತು. ಇದು ಲಾಕ್‌ಡೌನ್ ಕೊಟ್ಟ ಕಾಲದ ಲಾಭ.

ಕೆಟ್ಟದ್ದು ಹೇರಿದ ರೀತಿ. ರಾತ್ರಿ 8ಕ್ಕೆ ಘೋಷಣೆ, 12ಕ್ಕೆ ಜಾರಿ. ಕೂಲಿಯವರಿಗೆ ಊರು ಸೇರಲು ರೈಲು ಬಿಟ್ಟಿದ್ದು ಮೇ 1ರಿಂದ. ಅಂದರೆ ಸೋಂಕು ಕಡಿಮೆ ಇದ್ದಾಗ ನಗರದಲ್ಲಿ ಕಟ್ಟಿಹಾಕಿ, ನಗರದಲ್ಲಿ ಹೆಚ್ಚಾದ ಮೇಲೆ ಹಳ್ಳಿಗೆ ಕಳಿಸಿದ ಹಾಗಾಯಿತು. ಕರ್ನಾಟಕ ಸರ್ಕಾರ ಮೇ ಮೊದಲ ವಾರ ರೈಲುಗಳನ್ನೇ ರದ್ದು ಮಾಡಿ, ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು.

ಲಾಕ್‌ಡೌನ್ ಮಾಡಿದ ಮೇಲೂ ಸಾವು ಏರುತ್ತಲೇ ಇತ್ತು, ಹಾಗಾಗಿ ವ್ಯರ್ಥ ಎನ್ನುವವರಿಗೆ ಒಂದು ಮಾತು: ಸೋಂಕು ತಗುಲಿ ಲಕ್ಷಣ ಕಾಣಲು ಸುಮಾರು 5 ದಿನ, ಅಲ್ಲಿಂದ ಸಾವಿಗೆ ಎರಡು ಮೂರು ವಾರ. ಇಂದಿನ ಸಾವು ಮೂರು ವಾರ ಹಿಂದಿನ ಸೋಂಕಿನದು.

ಎರಡನೇ ಅಲೆಯಲ್ಲಿ ಆಕ್ಸಿಜನ್ ಯಾಕೆ ಸಿಗಲಿಲ್ಲ? ಬೇರೆ ದೇಶಗಳಲ್ಲೂ ಹೀಗಾಯಿತೇ?

ಆಯಿತು. ಬ್ರೆಜಿಲ್‌ನ ಮನಾಸ್ ನಗರದಲ್ಲಿ 2021ರ ಜನವರಿಯಲ್ಲೇ ಆಸ್ಪತ್ರೆಗಳಲ್ಲಿ ಆಕ್ಸಿಜನ್ ಮುಗಿದು ಜನ ಸತ್ತರು. ನಮಗೆ ಮೂರು ತಿಂಗಳ ಮುನ್ಸೂಚನೆ ಸಿಕ್ಕಿತ್ತು.

ಲೆಕ್ಕ ಹೀಗಿದೆ. ಜಂಬೊ ಸಿಲಿಂಡರ್ ಒಂದರಲ್ಲಿ ಸುಮಾರು 7,000 ಲೀಟರ್ ಅನಿಲ. ನಿಮಿಷಕ್ಕೆ 10 ಲೀಟರ್ ಬೇಕಾದ ರೋಗಿಗೆ ಹನ್ನೊಂದೂವರೆ ಗಂಟೆ ಬರುತ್ತದೆ. ಮೂಗಿಗೆ ಜೋರಾಗಿ ಹರಿಸುವ ಯಂತ್ರಕ್ಕೆ ನಿಮಿಷಕ್ಕೆ 60 ಲೀಟರ್ ಬೇಕಾದರೆ ಎರಡು ಗಂಟೆಯೂ ಬಾರದು. 1,500 ಲೀಟರಿನ ಚಿಕ್ಕ ಸಿಲಿಂಡರ್ 10 ಲೀಟರ್ ವೇಗದಲ್ಲಿ ಎರಡೂವರೆ ಗಂಟೆ. ಇನ್ನು 100 ಬೆಡ್ಡಿನ ವಾರ್ಡ್, ಸರಾಸರಿ 10 ಲೀಟರ್ ಎಂದರೆ ದಿನಕ್ಕೆ 14.4 ಲಕ್ಷ ಲೀಟರ್: 200ಕ್ಕೂ ಹೆಚ್ಚು ಜಂಬೊ, ಅಥವಾ ಸುಮಾರು 2 ಟನ್ ದ್ರವ ಆಕ್ಸಿಜನ್. ಇನ್ನೂರು ಸಿಲಿಂಡರನ್ನು ಇಳಿಸಿ, ಜೋಡಿಸಿ, ಖಾಲಿಯಾದದ್ದನ್ನು ಮರುತುಂಬಲು ಕಳಿಸುವ ಕೆಲಸ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಎಷ್ಟು ದಿನ ನಡೆದೀತು? ಲಾರಿ ನಾಲ್ಕು ಗಂಟೆ ತಡವಾದರೆ ಮುಗಿಯಿತು. 2021ರ ಮೇ ಮೊದಲ ವಾರ ಚಾಮರಾಜನಗರದಲ್ಲಿ ಒಂದೇ ದಿನ 24 ರೋಗಿಗಳು ಸತ್ತಿದ್ದು ಇಂಥ ಸ್ಥಿತಿಯಲ್ಲೇ.

ದೇಶದಲ್ಲಿ ಉತ್ಪಾದನೆಯೇ ಇರಲಿಲ್ಲ ಎಂದಲ್ಲ. ಆಕ್ಸಿಜನ್ ತಯಾರಿಸುವ ಉಕ್ಕಿನ ಕಾರ್ಖಾನೆಗಳು ಬಳ್ಳಾರಿಯ ತೋರಣಗಲ್ಲಿನಲ್ಲಿ, ಜಮ್ಶೆಡ್‌ಪುರದಲ್ಲಿ, ರೂರ್ಕೆಲಾದಲ್ಲಿ ಇವೆ, ರೋಗಿಗಳಿದ್ದುದು ಬೇರೆ ಕಡೆ. ಮೈನಸ್ 183 ಡಿಗ್ರಿಯಲ್ಲಿ ದ್ರವವಾಗಿರುವ ಆಕ್ಸಿಜನ್ ಸಾಗಿಸುವ ಟ್ಯಾಂಕರ್‌ಗಳು ಸಾಕಷ್ಟಿರಲಿಲ್ಲ. ಜೊತೆಗೆ ಯಾವ ರಾಜ್ಯಕ್ಕೆ ಎಷ್ಟು ಎಂದು ದಿಲ್ಲಿ ಹಂಚುತ್ತಿತ್ತು. ಕರ್ನಾಟಕದ ಪಾಲನ್ನು ದಿನಕ್ಕೆ 1,200 ಟನ್‌ಗೆ ಏರಿಸಲು ರಾಜ್ಯ ಹೈಕೋರ್ಟ್ ಆದೇಶಿಸಬೇಕಾಯಿತು. ಸುಪ್ರೀಂ ಕೋರ್ಟ್ ಮೇ 7ರಂದು ಅದನ್ನು ತಡೆಯಲು ಒಪ್ಪಲಿಲ್ಲ. ಆಮೇಲೆ ಆಸ್ಪತ್ರೆ ಅಂಗಳದಲ್ಲೇ ಗಾಳಿಯಿಂದ ಆಕ್ಸಿಜನ್ ತೆಗೆಯುವ ಘಟಕಗಳನ್ನು ದೇಶದ ತುಂಬ ಕೂರಿಸಿದರು. ಅವುಗಳಿಗೆ ಕರೆಂಟು, ಜನರೇಟರು, ಫಿಲ್ಟರ್ ಬದಲಿಸುವ ತಂತ್ರಜ್ಞ ಬೇಕು. ವರ್ಷಗಟ್ಟಲೆ ಓಡಿಸದೆ ಬಿಟ್ಟರೆ ಬೇಕಾದ ದಿನ ಓಡುವುದಿಲ್ಲ.

ಅಮೆರಿಕದಂಥ ಅಮೆರಿಕವೇ ಯಾಕೆ ಎಡವಿತು?

2019ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಜಾಗತಿಕ ಆರೋಗ್ಯ ಭದ್ರತಾ ಸೂಚ್ಯಂಕದಲ್ಲಿ ಸಾಂಕ್ರಾಮಿಕಕ್ಕೆ ಅತ್ಯಂತ ಸಜ್ಜಾದ ದೇಶ ಅಮೆರಿಕ, ಎರಡನೆಯದು ಬ್ರಿಟನ್. ನ್ಯೂಜಿಲೆಂಡ್ 35ನೆಯದು. ಲ್ಯಾಬು, ಹಣ, ತಜ್ಞರು ಎಷ್ಟಿದ್ದಾರೆ ಎಂದು ಆ ಪಟ್ಟಿ ಅಳೆದಿತ್ತು. ಜನ ಸರ್ಕಾರದ ಮಾತು ಕೇಳುತ್ತಾರೆಯೇ ಎಂಬುದಕ್ಕೆ ಅದರಲ್ಲಿ ಹೆಚ್ಚು ತೂಕವಿರಲಿಲ್ಲ. ಅಮೆರಿಕ ಲಸಿಕೆಯನ್ನು ವರ್ಷದೊಳಗೆ ತಯಾರಿಸಿತು, ಅದು ದೊಡ್ಡ ಸಾಧನೆ. ಹಾಕಿಸಿಕೊಳ್ಳುವುದು ಪಕ್ಷರಾಜಕೀಯವಾಯಿತು. 11 ಲಕ್ಷಕ್ಕೂ ಹೆಚ್ಚು ಸಾವು.

ದಕ್ಷಿಣ ಕೊರಿಯಾ ಇದಕ್ಕೆ ಎದುರು ಉದಾಹರಣೆ. 2015ರಲ್ಲಿ ಕೊರೊನಾ ಜಾತಿಯದೇ ಇನ್ನೊಂದು ವೈರಸ್ಸಿನ ಕಾಯಿಲೆ ಮರ್ಸ್ ಬಂದು 186 ಜನರಿಗೆ ತಗುಲಿ 38 ಜನ ಸತ್ತಾಗ ಅಲ್ಲಿನ ಸರ್ಕಾರಕ್ಕೆ ಛೀಮಾರಿ ಬಿತ್ತು. ಆಗಲೇ ಕಾನೂನು ತಿದ್ದಿ, ತುರ್ತಿನಲ್ಲಿ ಟೆಸ್ಟ್ ಕಿಟ್‌ಗೆ ಬೇಗ ಅನುಮತಿ ಕೊಡುವ ದಾರಿ ಮಾಡಿಟ್ಟರು.

ಚೀನಾದ ಲೆಕ್ಕ ನಂಬಬಹುದೇ?

2020ರ ಮಟ್ಟಿಗೆ, ವುಹಾನ್ ಬಿಟ್ಟು ಉಳಿದ ಕಡೆ ಸೋಂಕು ತಡೆದರು ಎಂಬುದು ನಿಜ. ವುಹಾನಿನ ಲೆಕ್ಕಕ್ಕೆ ಏಪ್ರಿಲ್ 17ರಂದು ಅವರೇ 1,290 ಸೇರಿಸಿ 3,869 ಮಾಡಿದರು. 2022ರ ಡಿಸೆಂಬರ್‌ನಲ್ಲಿ ದಿಢೀರನೆ ತೆರೆದ ಮೇಲಿನ ಲೆಕ್ಕ ನಂಬುವಂತಿಲ್ಲ. ಮೊದಲು ಉಸಿರಾಟ ನಿಂತು ಸತ್ತವರನ್ನು ಮಾತ್ರ ಎಣಿಸಿದರು, ಆಮೇಲೆ ಒಂದು ತಿಂಗಳಲ್ಲಿ ಆಸ್ಪತ್ರೆಗಳಲ್ಲಿ ಸುಮಾರು 60 ಸಾವಿರ ಎಂದರು. ಮನೆಯಲ್ಲಿ ಸತ್ತವರು ಅದರಲ್ಲಿಲ್ಲ.

ಲಸಿಕೆ ಹೊರದೇಶಕ್ಕೆ ಕೊಟ್ಟಿದ್ದರಿಂದ ನಮಗೆ ಸಾಲಲಿಲ್ಲವೇ?

ಮುಖ್ಯ ಕಾರಣ ತಡವಾಗಿ, ಕಡಿಮೆ ಆರ್ಡರ್ ಕೊಟ್ಟದ್ದು. 2021ರ ಏಪ್ರಿಲ್ ಕೊನೆಗೆ ಎರಡೂ ಡೋಸ್ ಆದವರು ಜನಸಂಖ್ಯೆಯ ಶೇ. 2ರಷ್ಟು. ನಾವು ರಫ್ತು ನಿಲ್ಲಿಸಿದಾಗ ಆಫ್ರಿಕಾದ ದೇಶಗಳು ಎರಡನೇ ಡೋಸ್‌ಗೆ ಪರದಾಡಿದವು. ಭೂತಾನ್ ಮಾತ್ರ ನಮ್ಮಿಂದ ಬಂದ ಕೋವಿಶೀಲ್ಡನ್ನು ಕೂಡಿಟ್ಟು, ಶುಭದಿನ ನೋಡಿ, 2021ರ ಮಾರ್ಚ್ 27ರಿಂದ ಎರಡು ವಾರದಲ್ಲಿ ವಯಸ್ಕರ ಪೈಕಿ ಶೇ. 90ಕ್ಕೂ ಹೆಚ್ಚು ಜನರಿಗೆ ಮೊದಲ ಡೋಸ್ ಹಾಕಿ ಮುಗಿಸಿತು.

ನಮ್ಮ ತಾಲ್ಲೂಕಿನ ನಿಜವಾದ ಲೆಕ್ಕ ನಾವೇ ಮಾಡಬಹುದೇ?

ಮಾಡಬಹುದು. ಜನನ ಮರಣ ನೋಂದಣಿ ಕಚೇರಿಯಿಂದ 2015ರಿಂದ 2021ರವರೆಗೆ ತಿಂಗಳುವಾರು ಸಾವಿನ ಸಂಖ್ಯೆ ಕೇಳಿ. ಸುಮ್ಮನೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹೆಸರುಗಳು ಬೇಡ, ಸಂಖ್ಯೆ ಸಾಕು. 2015ರಿಂದ 2019ರವರೆಗಿನ ಐದು ಮೇ ತಿಂಗಳುಗಳಲ್ಲಿ 140, 150, 145, 155, 160 ಇತ್ತು ಅಂದುಕೊಳ್ಳಿ. ಸರಾಸರಿ 150. 2021ರ ಮೇನಲ್ಲಿ 390 ಇದ್ದರೆ ಹೆಚ್ಚುವರಿ 240. ಅದೇ ತಿಂಗಳ ಆರೋಗ್ಯ ಬುಲೆಟಿನ್‌ನಲ್ಲಿ 60 ಎಂದಿದ್ದರೆ ನಾಲ್ಕರಲ್ಲಿ ಒಂದು ಮಾತ್ರ ಲೆಕ್ಕಕ್ಕೆ ಬಂದಿದೆ.

ತಪ್ಪುವುದು ಎರಡು ಮೂರು ಕಡೆ. ನೋಂದಣಿ ದಿನಾಂಕ ಬೇರೆ, ಸಾವಿನ ದಿನಾಂಕ ಬೇರೆ. ಗಡುವು 21 ದಿನವಾದರೂ ಎರಡನೇ ಅಲೆಯಲ್ಲಿ ಬಹಳ ಮಂದಿ ತಿಂಗಳುಗಟ್ಟಲೆ ತಡವಾಗಿ ಮಾಡಿಸಿದರು, ಹಾಗಾಗಿ ಸಾವಿನ ದಿನಾಂಕದ ಪಟ್ಟಿಯನ್ನೇ ಕೇಳಬೇಕು. ಸಾವು ನೋಂದಣಿಯಾಗುವುದು ಸತ್ತ ಜಾಗದಲ್ಲಿ, ಊರಿನಲ್ಲಲ್ಲ. ತುಮಕೂರು, ಕೋಲಾರದವರು ಬೆಂಗಳೂರಿನ ಆಸ್ಪತ್ರೆಯಲ್ಲಿ ಸತ್ತಿದ್ದರೆ ಬೆಂಗಳೂರಿನ ಸಂಖ್ಯೆ ಉಬ್ಬಿ ನಿಮ್ಮ ತಾಲ್ಲೂಕಿನದು ಇಳಿದಿರುತ್ತದೆ. ಮೆಡಿಕಲ್ ಕಾಲೇಜು ಇರುವ ಊರಾದರೆ ಇದೇ ತಿರುಗುಮುರುಗು. ಆದ್ದರಿಂದ ಒಂದೇ ತಾಲ್ಲೂಕಿನ ಬದಲು ಅಕ್ಕಪಕ್ಕದ ಜಿಲ್ಲೆಗಳನ್ನು ಕೂಡಿಸಿ ನೋಡಿದರೆ ಹೆಚ್ಚು ನಂಬಿಕೆಗೆ ಅರ್ಹ.